ಗುಡ್ಡವೂ ಬೇಡ, ಕಡಲೂ ಬೇಡ ಎಂದ ಬೇಸಿಗೆ

ನಮ್ಮ ಮನೆಯ ಗಂಡಸರಿಗೆ ಪ್ರವಾಸ ಹೋಗುವುದಕ್ಕಿಂತ ಎಲ್ಲಿಗೆ ಹೋಗಬೇಕೆಂದು ಜಗಳಾಡುವುದರಲ್ಲೇ ಹೆಚ್ಚು ಸುಖ. ಕಾಗವಾಡದ ಹತ್ತಿರದ ನಮ್ಮೂರಿನಲ್ಲಿ ದ್ರಾಕ್ಷಿಯ ಏಪ್ರಿಲ್ ಚಾಟಣಿ ಮುಗಿದರೆ, ಅಂದರೆ ಬಳ್ಳಿ ಸವರುವ ಕೆಲಸ ಒಂದು ಹಂತಕ್ಕೆ ಬಂದರೆ, ತೋಟದ ಉಳಿದ ಕೆಲಸ ಆಳುಗಳ ಮೇಲೆ ಬೀಳುತ್ತದೆ. ಮನೆಯ ಕೆಲಸ ಹೇಗೂ ಹೆಂಗಸರ ಮೇಲೇ ಬಿದ್ದಿರುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ನಮ್ಮ ಭಾವನಿಗೂ ನಮ್ಮವರಿಗೂ ಬಾಯಿ ಬಿಟ್ಟರೆ ಬೇರೆ ಯಾವ ಅಂಗಕ್ಕೂ ಕೆಲಸವಿರುವುದಿಲ್ಲ.

ಭಾವ ಗುಡ್ಡದ ಪಕ್ಷ. ಇದಕ್ಕೆ ಗುಡ್ಡದ ಮೇಲಿನ ಪ್ರೀತಿಯೇನೂ ಕಾರಣವಲ್ಲ. ನಮ್ಮ ಒಣದ್ರಾಕ್ಷಿ ಕೊಳ್ಳುವ ಸಾಂಗಲಿಯ ವ್ಯಾಪಾರಿ ಪ್ರತಿ ಬೇಸಿಗೆ ಮಹಾಬಳೇಶ್ವರಕ್ಕೆ ಹೋಗುತ್ತಾರೆ, ಅಲ್ಲಿಂದ ಶಾಲು ಹೊದ್ದ ತಮ್ಮ ಫೋಟೋ ಕಳಿಸುತ್ತಾರೆ. ನಾವಿಲ್ಲಿ ಫ್ಯಾನಿನ ಕೆಳಗೆ ಬೆವರೊರೆಸಿಕೊಳ್ಳುತ್ತಿರುವಾಗ ಒಬ್ಬ ಮನುಷ್ಯ ಮೇ ತಿಂಗಳಲ್ಲಿ ಶಾಲು ಹೊದೆಯುವುದು ಭಾವನಿಗೆ ದೊಡ್ಡಸ್ತಿಕೆಯ ತುತ್ತತುದಿಯಾಗಿ ಕಂಡಿತ್ತು. ನಮ್ಮವರು ಕಡಲಿನ ಪಕ್ಷ. ಅವರ ಗೆಳೆಯರೆಲ್ಲ ಮಾಲವಣಕ್ಕೆ ಹೋಗಿ, ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಕಪ್ಪು ಕನ್ನಡಕ ಹಾಕಿ ನಿಂತ ಫೋಟೋಗಳನ್ನು ಫೋನಿನಲ್ಲಿ ಹಾಕಿದ್ದರು. ಹೀಗೆ ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಒಬ್ಬರ ಶಾಲಿಗೂ ಇನ್ನೊಬ್ಬರ ಕನ್ನಡಕಕ್ಕೂ ನಮ್ಮ ಪಡಸಾಲೆಯಲ್ಲಿ ಸಂಜೆಗಟ್ಟಲೆ ಯುದ್ಧ ನಡೆಯಿತು. ನಾವು ಚಹಾ ಪೂರೈಸಿದೆವು.

"ಸಮುದ್ರದಾಗ ಏನ್ ಐತೋ? ನೀರ. ಅದೂ ಉಪ್ಪನೀರ," ಎಂದರು ಭಾವ. "ಹೊಲಕ್ಕ ಸವಳ ಹತ್ತಿ ಸಾಯಾಕತ್ತೀವಿ. ಮತ್ತ ಉಪ್ಪ ನೋಡಾಕ ಗಾಡಿ ಮಾಡ್ಕೊಂಡ ಹೋಗೂದೇನು?"

"ಗುಡ್ಡದಾಗ ಏನೈತಿ ದಾದಾ? ಕಲ್ಲ. ಕಲ್ಲಿನ ಮ್ಯಾಲ ಮಂಗ್ಯಾ," ಎಂದರು ನಮ್ಮವರು. "ಮಂಗ್ಯಾನ ಜೋಡಿ ನಿಂತ ಫೋಟೋ ತಗಸ್ಕೊಂಡ ಬರೂದು. ಯಾರ್ ಯಾರಂತ ಮಂದಿಗೆ ಗುರ್ತ ಸಿಗಬೇಕಲ್ಲ."

ಇಬ್ಬರಿಗೂ ಹತ್ತಿರದಲ್ಲೇ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಅತ್ತೆ, "ಇಬ್ರೂ ಭಾಳ ಶ್ಯಾಣ್ಯಾರ ಅದೀರಿ, ಸಾಕ್ ಮಾಡ್ರಿ," ಎಂದು ಗದರಿದರು. ಹಡೆದ ತಾಯಿಯ ಮಾತನ್ನು ಕೇಳುವ ವಯಸ್ಸನ್ನು ಇಬ್ಬರೂ ದಾಟಿದ್ದರು, ಬುದ್ಧಿ ಬರುವ ವಯಸ್ಸನ್ನು ಮಾತ್ರ ಇನ್ನೂ ಮುಟ್ಟಿರಲಿಲ್ಲ.

ನನಗೆ ಕಡಲು ಹೊಸದಲ್ಲ. ಮದುವೆಯಾದ ಹೊಸತರಲ್ಲಿ ನಮ್ಮವರು ತಮ್ಮ ಗೆಳೆಯರ ಗುಂಪಿನ ಜೊತೆ ನನ್ನನ್ನು ಮಾಲವಣಕ್ಕೆ ಕರೆದುಕೊಂಡು ಹೋಗಿದ್ದರು. ನಾನು ಅಕ್ಕೋಳದ ತಂಬಾಕಿನ ಹೊಲಗಳ ನಡುವೆ ಬೆಳೆದವಳು. ಅಷ್ಟು ನೀರನ್ನು ಒಂದೇ ಕಡೆ ನೋಡುತ್ತೇನೆಂದು ಆಸೆಯಿಂದಲೇ ಹೋಗಿದ್ದೆ. ಆದರೆ ನಮ್ಮವರು ಕಡಲನ್ನು ನೋಡಿದ್ದಕ್ಕಿಂತ ಅದಕ್ಕೆ ಬೆನ್ನು ಮಾಡಿ ನಿಂತದ್ದೇ ಹೆಚ್ಚು, ಫೋಟೋದಲ್ಲಿ ಅದು ಹಿಂದೆ ಬರಬೇಕಲ್ಲ. ತೆಗೆಯುವವಳು ನಾನು. ಆಮೇಲೆ ಗೆಳೆಯರ ಮರಳು ಮೆತ್ತಿದ ಚೀಲ, ಟವೆಲ್ಲು, ಚಪ್ಪಲಿಗಳ ಕಾವಲಿಗೆ ನನ್ನನ್ನು ಕೂರಿಸಿ ಎಲ್ಲರೂ ಬೋಟಿನಲ್ಲಿ ಹೋದರು. "ನಿನಗ ತಲಿ ತಿರಗತೈತಿ," ಎಂದು ನನ್ನ ಪರವಾಗಿ ಅವರೇ ಹೇಳಿದ್ದರು. ನನ್ನ ತಲೆ ಒಂದು ಸಲವೂ ತಿರುಗಿರಲಿಲ್ಲ.

ಅತ್ತೆ ಗದರಿದ ಆ ಸಂಜೆ ಜಗಳ ಎಷ್ಟು ಎಳೆದರೂ ಮುಗಿಯದಿದ್ದಾಗ ಭಾವನಿಗೆ ಒಮ್ಮೆಲೇ ನ್ಯಾಯ ನೆನಪಾಯಿತು.

"ಹಂಗಾರ ಹೆಣ್ಣಮಕ್ಕಳನ್ನ ಕೇಳೂನು," ಎಂದು ತಮ್ಮ ಹೆಂಡತಿಯ ಕಡೆ ತಿರುಗಿದರು. "ನಿನಗ ಗುಡ್ಡನ ಬೇಕಲ್ಲ?"

ನೆಗೆಣ್ಣಿ ಮೂಲೆಯಲ್ಲಿ ಕೂತು ಶೇಂಗಾ ಒಡೆಯುತ್ತಿದ್ದಳು. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆಕೆ ಗಂಡನ ಮಾತಿಗೆ ಎದುರಾಡಿದ್ದನ್ನು ಕಂಡಿರಲಿಲ್ಲ. ಆಕೆಯನ್ನು ಮೆತ್ತನೆಯ ಹೆಂಗಸು ಎಂದೇ ಎಲ್ಲರೂ ಹೊಗಳುತ್ತಿದ್ದರು.

"ನನಗ ಎರಡೂ ಬ್ಯಾಡ್ರಿ," ಎಂದಳು, ತಲೆ ಎತ್ತದೆ.

"ಎರಡೂ ಬ್ಯಾಡಂದ್ರ?"

"ನಾ ಎಲ್ಲೀಗೂ ಬರೂದಿಲ್ಲ. ನೀವ ಹೋಗಿ ಬರ್ರಿ."

ಭಾವ ಹೆಂಡತಿಯ ಮುಖವನ್ನು ಡಾಕ್ಟರನ ಹಾಗೆ ನೋಡಿದರು. "ಯಾಕ, ಆರಾಮ ಇಲ್ಲೇನು?"

ನಮ್ಮ ಕಡೆ ಹೆಂಗಸು ಒಲ್ಲೆ ಎಂದರೆ ಅದು ಅಭಿಪ್ರಾಯವಲ್ಲ, ರೋಗ.

"ಆರಾಮ ಅದೀನ್ರಿ. ಆರಾಮ ಇರಬೇಕಂತನ ಬರೂದಿಲ್ಲ ಅನ್ನಾಕತ್ತೀನಿ."

ನನಗೆ ಒಳಗೇ ಏನೋ ಪುಟಿದಂತಾಯಿತು. "ನಾನೂ ಅಕ್ಕಾನ ಜೋಡಿ ಇರ್ತೀನಿ," ಎಂದುಬಿಟ್ಟೆ. ನಮ್ಮವರು ಗಹಗಹಿಸಿ ನಕ್ಕರು. "ಗಾಡಿ ಬಾಗಲಕ್ಕ ಬಂದ ನಿಂದರ್ಲಿ. ಮೊದಲ ಹತ್ತಿ ಕುಂಡ್ರಾವ್ರು ಇವರ."

ಗಾಡಿ ಬಂದು ನಿಂತಿತು. ನಾವು ಹತ್ತಲಿಲ್ಲ. ಅಷ್ಟರಲ್ಲಿ ಸೋಲೊಪ್ಪಲಾರದ ಅಣ್ಣತಮ್ಮಂದಿರು ಬೇರೆ ಬೇರೆಯಾಗಿಯೇ ಹೋಗುವುದೆಂದು ತೀರ್ಮಾನಿಸಿದ್ದರು. ಭಾವನ ಕಾಲೇಜು ಓದುವ ಮಗಳು, ನನ್ನ ಶಾಲೆ ಓದುವ ಮಗ, ಮಗಳು ಮೂವರೂ ಕಡಲು ಎಂದರು. ಹೆಂಡತಿ ಇಲ್ಲ, ಮಗಳೂ ಇಲ್ಲ, ಭಾವ ಒಬ್ಬರೇ ಗುಡ್ಡಕ್ಕೆ ಹೋಗುವ ಹಾಗಾಯಿತು. ಪಂತ ಬಿಡಲಿಲ್ಲ. ಕಡೆಗೆ ಅತ್ತೆಯೇ ಕರಗಿ, "ಒಬ್ಬನ ಹ್ಯಾಂಗ ಹೋಗ್ತಾನ ನನ್ ಮಗ," ಎಂದು ಇಳಕಲ್ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತರು. ಹೊರಡುವ ಮುಂಚೆ ಭಾವ ಬುತ್ತಿ ಎಲ್ಲಿ ಎಂದು ಕೇಳಿದರು. ನೆಗೆಣ್ಣಿ, "ದಾರ್ಯಾಗ ಹೋಟೆಲ್ ಭಾಳ ಅದಾವ್ರಿ," ಎಂದಳು.

ಎರಡು ಗಾಡಿಗಳೂ ಹೋದ ಮೇಲೆ ಮನೆ ಒಂದು ತರಹ ಅಗಲವಾಯಿತು. ಎಮ್ಮೆಗಳ ಹಾಲು ಹಿಂಡಿ ಡೇರಿಗೆ ಹಾಕಿ ಬಂದೆವು. ಅಷ್ಟೇ. ಆಮೇಲೆ ಒಲೆ ಹಚ್ಚಲಿಲ್ಲ. ಮೊದಲೇ ಬಡಿದಿಟ್ಟಿದ್ದ ಕಟಕು ರೊಟ್ಟಿಯ ಮೇಲೆ ಮೊಸರು, ಶೇಂಗಾ ಚಟ್ನಿ ಹಾಕಿಕೊಂಡು, ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು, ಭಾವನ ಜೋಕಾಲಿಯ ಮೇಲೆ ಇಬ್ಬರೂ ಕೂತು ತಿಂದೆವು. ಅಲ್ಲೇ ಮಧ್ಯಾಹ್ನವೆಲ್ಲ ಮಲಗಿದೆವು. ಅಷ್ಟು ವರ್ಷದಲ್ಲಿ ಆಕೆ ನಡುಹಗಲು ಮಲಗಿದ್ದನ್ನು ನಾನು ನೋಡಿದ್ದು ಆಸ್ಪತ್ರೆಯಲ್ಲಿ ಮಾತ್ರ.

ಸಂಜೆ ಎದ್ದು ಮುಖ ತೊಳೆದು ಆಕೆ ಕೇಳಿದಳು: "ಗಾಡಿ ಮ್ಯಾಲ ಹಿಂದ ಕುಂಡ್ರಾಕ ಅಂಜಿಕಿ ಇಲ್ಲಲ್ಲ ನಿನಗ?"

"ಯಾವ ಗಾಡಿ?"

ಮಗಳ ಸ್ಕೂಟಿ ಹೊರಗೆ ತೆಗೆದಳು. ಚಿಕ್ಕೋಡಿಯಲ್ಲಿ ಬೆಳೆದವಳು, ಕಾಲೇಜಿಗೆ ಅಪ್ಪನ ಮೊಪೆಡ್ ಓಡಿಸಿಕೊಂಡು ಹೋಗುತ್ತಿದ್ದಳಂತೆ. ಈ ಮನೆಗೆ ಬಂದ ಮೇಲೆ ಯಾರೂ ಕೇಳಲಿಲ್ಲ, ತಾನೂ ಹೇಳಲಿಲ್ಲ. ಮೊದಲು ಸ್ವಲ್ಪ ಓಲಾಡಿತು. ಕಬ್ಬಿನ ಗದ್ದೆಗಳ ನಡುವಿನ ರಸ್ತೆಗೆ ಬಿದ್ದ ಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಕೆ ಬಿಟ್ಟ ವೇಗಕ್ಕೆ ನಾನು ಕಣ್ಣು ಮುಚ್ಚಿದ್ದೆ. ಕುಡಚಿಯ ಕಡೆ ಹೊಳೆಯ ದಂಡೆಗೆ ಹೋಗಿ ನಿಲ್ಲಿಸಿದಳು. ಬೇಸಿಗೆಯ ಕೃಷ್ಣೆ, ನೀರು ಕಡಿಮೆ. ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟೆವು.

ಅಲ್ಲಿ ಕೇಳಿದೆ. "ಅಕ್ಕಾ, ಗುಡ್ಡ ಯಾಕ ಬ್ಯಾಡಂದಿ?"

"ನಾ ಮಹಾಬಳೇಶ್ವರ ನೋಡೀನಿ. ನೀ ಇನ್ನಾ ಈ ಮನೀಗೆ ಬಂದಿರಲಿಲ್ಲ," ಎಂದಳು. "ಏನ್ ನೋಡೀನಿ ಕೇಳು. ಲಾಡ್ಜಿನ ಬಾತ್‌ರೂಮ್. ನಿಮ್ಮ ಭಾವಗ ಹೊರಗಿನ ಊಟ ಹತ್ತೂದಿಲ್ಲ. ಸ್ಟೋವ್, ಹಂಚು, ಜ್ವಾಳದ ಹಿಟ್ಟು ಎಲ್ಲಾ ಹೇರ್ಕೊಂಡ ಹೋಗಿದ್ವಿ. ರೂಮಿನ್ಯಾಗ ಅಡಗಿ ಮಾಡಬ್ಯಾಡ್ರಿ ಅಂದ್ರು ಲಾಡ್ಜಿನವ್ರು. ಅದಕ್ಕ ಬಾತ್‌ರೂಮಿನ ಬಾಗಲಾ ಹಾಕ್ಕೊಂಡ ಅಲ್ಲೇ ರೊಟ್ಟಿ ಬಡದೀನಿ. ಸಪ್ಪಳ ಕೇಳಬಾರದಂತ ನಳಾ ಬಿಟ್ಟಿದ್ದೆ. ಇವರು ಪಾಯಿಂಟ್ ನೋಡಾಕ ಹೋಗಿ ಬಂದು, ಏನ್ ಹಸೂ ಆಗೇತಿ ಥಂಡೀಗೆ ಅನ್ನೂದು."

ಹೇಳುವಾಗ ನಗುತ್ತಲೇ ಇದ್ದಳು. ನಾನೂ ನಕ್ಕೆ. ಒಂದೇ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ ಇಷ್ಟು ಕಾಲ ಇದ್ದೂ ನಾವು ಉಪ್ಪು ಹೆಚ್ಚಾಯಿತೇ ಕಡಿಮೆಯಾಯಿತೇ ಎನ್ನುವುದು ಬಿಟ್ಟು ಬೇರೆ ಮಾತಾಡಿರಲಿಲ್ಲ. ನಾನು ಚಪ್ಪಲಿ ಕಾಯ್ದ ಕತೆ ಹೇಳಿದೆ. ಕತ್ತಲಾಗುವವರೆಗೆ ಅಲ್ಲೇ ಇದ್ದೆವು.

ಮರುದಿನ ಫೋನುಗಳು ಶುರುವಾದವು. ಮೊದಲು ನಮ್ಮವರದು. ಹಿಂದೆ ಕಡಲಿನ ಸದ್ದು, ಅದಕ್ಕಿಂತ ಜೋರಾಗಿ ನನ್ನ ಮಗಳ ಅಳು.

"ಇಕಿ ತಲ್ಯಾಗ ಎಲ್ಲಾ ಉಸಕ ತುಂಬೇತಿ. ಬಾಚಣಿಗಿ ಮುಟ್ಟಗೊಡವಲ್ಲಳು. ಇಕಿ ಅಕ್ಕ ಬೋಟಿನ್ಯಾಗ ಹೋಗ್ಯಾಳ. ಹೆರಳ ಹ್ಯಾಂಗ ಹಾಕೂದು?"

"ಮೂರ್ ಎಳಿ ಮಾಡ್ರಿ. ಒಂದರ ಮ್ಯಾಲ ಒಂದ ಹಾಕ್ರಿ," ಎಂದೆ.

"ಫೋನಿನ್ಯಾಗ ಹೇಳಿದ್ರ ಹ್ಯಾಂಗ ತಿಳೀಬೇಕ ನನಗ?"

ನೂರು ಎಕರೆ ಹನಿ ನೀರಾವರಿಯ ಬಗ್ಗೆ ಊರಿಗೆಲ್ಲ ಫೋನಿನಲ್ಲೇ ಸಲಹೆ ಕೊಡುವ ಮನುಷ್ಯ. ಮೂರು ಎಳೆ ಕೂದಲು ತಿಳಿಯಲಿಲ್ಲ.

ಮಧ್ಯಾಹ್ನ ಭಾವನ ಫೋನು ನೆಗೆಣ್ಣಿಗೆ ಬಂತು. ಆಕೆ ಸ್ಪೀಕರ್ ಒತ್ತಿದಳು. ಹೋಟೆಲಿನ ಊಟ ಬರೀ ಎಣ್ಣೆ, ಪಲ್ಯ ಸಿಹಿ, ಹೊಟ್ಟೆ ಉಬ್ಬರಿಸಿದೆ, ಒಂದು ಬಿಸಿ ರೊಟ್ಟಿ ಸಿಕ್ಕಿದ್ದರೆ ಸಾಕಾಗಿತ್ತು ಎಂದು ಭಾವ ಗೋಳಾಡಿದರು. ಆಕೆ ಎಲ್ಲವನ್ನೂ ಹೂಂಗುಟ್ಟುತ್ತ ಕೇಳಿದಳು.

"ಅಲ್ಲೆ ಅಂಗಡ್ಯಾಗ ಸ್ಟೋವ್ ಸಿಗ್ತಾವ್ರಿ," ಎಂದಳು ಕೊನೆಗೆ, ಅದೇ ಮೆತ್ತನೆಯ ದನಿಯಲ್ಲಿ. "ಬಾತ್‌ರೂಮಿನ್ಯಾಗ ಇಟ್ಕೊಂಡ ಬಡೀರಿ. ಕಿಡಕಿ ತಗದ ಇಡ್ರಿ, ಹೊಗಿ ಹೋಗ್ತೈತಿ. ನಳಾ ಬಿಡೂದ ಮರೀಬ್ಯಾಡ್ರಿ."

ಆ ಕಡೆ ಫೋನು ಕಟ್ಟಾಯಿತು.

ಪಕ್ಕದ ಮನೆಯ ಹೆಂಗಸರು ಬಂದು ಕನಿಕರ ಸುರಿಸಿದರು. "ಪಾಪ, ನಿಮ್ಮನ್ನ ಬಿಟ್ಟ ಹ್ವಾದ್ರಲ್ಲ. ಗಂಡಸ್ರಿಗೆ ಕರಳ ಅನ್ನೂದ ಐತೇನು." ನಾವು ಮುಖ ಸಣ್ಣ ಮಾಡಿ ಹೌದೆಂದೆವು. ಕನಿಕರದ ಜೊತೆ ಅವರು ಬಟ್ಟಲು ತುಂಬ ಮಾವಿನ ಶೀಕರಣಿಯನ್ನೂ ತಂದಿದ್ದರು, ಬೇಡವೆನ್ನುವುದು ಹೇಗೆ?

ವಾರ ತುಂಬುವ ಮೊದಲೇ ಇಬ್ಬರೂ ಮರಳಿದರು. ಭಾವ ಕೈಕಾಲು ತೊಳೆದು ಜೋಕಾಲಿಯ ಮೇಲೆ ಕೂತು, "ಏನ ಹವಾ ಅಂತೀರಿ! ಮನಶ್ಯಾ ಹೊಸಾ ಆಗ್ತಾನ," ಎಂದು ಶುರು ಮಾಡಿದರು.

"ಯಾವ ಹವಾನೋ ನೀ ನೋಡಿದ್ದು?" ಎಂದರು ಅತ್ತೆ, ಚೀಲದಿಂದ ಸ್ಟ್ರಾಬೆರಿ ಜಾಮಿನ ಬಾಟಲಿ ತೆಗೆಯುತ್ತ. "ಘಾಟ್ ಹತ್ತೂ ಮುಂದ ಎರಡ ಸಲ ಕಾರ್ಕೊಂಡಿ. ಲಾಡ್ಜಿನ್ಯಾಗ ಬಾಗಲಾ ಹಾಕ್ಕೊಂಡ, ಚಾದರ ಹೊಚ್ಕೊಂಡ ಟಿವಿ ನೋಡಿದಿ. ನಾ ಬಾಜೂ ರೂಮಿನ ಸೊಲ್ಲಾಪುರದ ಹೆಣ್ಣಮಕ್ಕಳ ಜೋಡಿ ಹೋಗಿ ಹೊತ್ತ ಮುಳಗೂದ ನೋಡಿ ಬಂದೆ."

ನಮ್ಮವರ ಮೂಗು ಬಿಸಿಲಿಗೆ ಸುಲಿದು ಕೆಂಪಗಾಗಿತ್ತು. ಅವರ ಕಡಲ ಸಾಹಸವನ್ನು ಹೇಳಲು ಮಕ್ಕಳು ಪೈಪೋಟಿಗಿಳಿದರು. ಮೊಣಕಾಲಿನ ಮೇಲೆ ನೀರು ಬಂದೊಡನೆ ಅಪ್ಪ ಕೂಗಿಕೊಂಡರಂತೆ, ತೆರೆ ಬಂದು ಕನ್ನಡಕ ಒಯ್ದಿತಂತೆ, ಆಮೇಲೆ ದಂಡೆಯಲ್ಲಿ ಚಪ್ಪಲಿ ಕಾಯುತ್ತ ಕೂತರಂತೆ. "ಭಾರಿ ಇತ್ತ ಬಿಡು," ಎಂದರು ನಮ್ಮವರು ಗೋಡೆಯ ಕಡೆ ನೋಡುತ್ತ. ಮಗಳ ಕೂದಲು ಬಿಡಿಸಲು ನನಗೆ ಎರಡು ತಲೆಸ್ನಾನ ಬೇಕಾಯಿತು.

ಮುಂದಿನ ಬೇಸಿಗೆಗೆ ಅಣ್ಣತಮ್ಮಂದಿರಲ್ಲಿ ಎಂದೂ ಕಾಣದ ಒಗ್ಗಟ್ಟು ಮೂಡಿತು. "ಈ ಸಲ ಎಲ್ಲೀಗೂ ಬ್ಯಾಡ. ಮನ್ಯಾಗ ಆರಾಮ ಇರೂನು," ಎಂದರು ಇಬ್ಬರೂ.

"ಚಲೋ ಆತು," ಎಂದಳು ನೆಗೆಣ್ಣಿ. "ಎಮ್ಮಿ, ಹುಡಗೋರ್ನ ನೋಡ್ಕೋರಿ. ನಾವ ಹೋಗಿ ಬರ್ತೀವಿ."

ಅತ್ತೆಯನ್ನೂ ಕರೆದುಕೊಂಡು ನಿಪ್ಪಾಣಿ ಸ್ಟ್ಯಾಂಡಿನಿಂದ ಸಾವಂತವಾಡಿಯ ಬಸ್ಸು ಹತ್ತಿದೆವು. ಅದು ಅಂಬೋಲಿಯ ಗುಡ್ಡ ಹತ್ತಿಯೇ ಕಡಲ ಸೀಮೆಗೆ ಇಳಿಯುತ್ತದೆ. ನಕ್ಷೆ ನೋಡುವಷ್ಟು ತಾಳ್ಮೆ ಇದ್ದಿದ್ದರೆ ಆ ಇಬ್ಬರು ಬುದ್ಧಿವಂತರಿಗೂ ಇದು ಕಾಣುತ್ತಿತ್ತು. ಅಂಬೋಲಿಯಲ್ಲಿ ಇಳಿದು ಎರಡು ದಿನ ಇದ್ದೆವು, ಮಿಸಳ್ ತಿಂದೆವು, ಮಂಜಿನಲ್ಲಿ ನಡೆದಾಡಿದೆವು. ಆಮೇಲೆ ವೆಂಗುರ್ಲೆಯಲ್ಲಿ ಕಡಲಿಗೆ ಇಳಿದೆವು. ನೆಗೆಣ್ಣಿ ಎದೆಮಟ್ಟದ ನೀರಿನವರೆಗೆ ಹೋದಳು. ನಾನು ಬೋಟು ಹತ್ತಿದೆ. ಅತ್ತೆ ಮಾತ್ರ ಸ್ವಲ್ಪ ಹೊತ್ತು ನಿಂತು ನೋಡಿ, "ಭಾಳ ಒದರತೈತಿ ಇದು," ಎಂದು ಸೆರಗು ಹೊದ್ದು ದಂಡೆಯ ಗಾಳಿಮರದ ನೆರಳಿಗೆ ಸರಿದರು.

ಮರಳುವ ಬಸ್ಸಿನಲ್ಲಿ ಅತ್ತೆ ಗುಡ್ಡವೇ ಮೇಲು ಎಂದರು. ನೆಗೆಣ್ಣಿ ಕಡಲಿಗೆ ಅದು ಸಾಟಿಯೇ ಅಲ್ಲ ಎಂದಳು. ಇಬ್ಬರೂ ನನ್ನನ್ನು ತಮ್ಮ ಕಡೆ ಎಳೆದರು. ನಿಪ್ಪಾಣಿಯಲ್ಲಿ ಇಳಿದು ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗಲೂ ಆ ವಾದ ನಿಂತಿರಲಿಲ್ಲ. ನಾವು ಊರಿಗೆ ಹಿಡಿಯಬೇಕಿದ್ದ ಚಿಕ್ಕೋಡಿಯ ಬಸ್ಸು ನಮ್ಮ ಕಣ್ಣೆದುರೇ ಹೊರಟುಹೋಯಿತು. ಅತ್ತೆ ಇನ್ನೊಂದು ಸುತ್ತು ಚಹಾ ಹೇಳಿದರು.