ಹರಿಗೋಲು ಕಾಕಾನ ನಡುಕ

ಹಡಗಲಿಯ ಬೀಗರು ಮೊನ್ನೆ ಭಂಡಾರದ ಪೊಟ್ಟಣ ಕೊಟ್ಟುಹೋದರು. ಬಿಚ್ಚಿದ ಕೂಡಲೇ ಅರಿಸಿನದ ಘಾಟು ಮೂಗಿಗೆ ಬಡಿದು, ನನ್ನ ತವರೂರು ಹಲವಾಗಲಿನ ಹೊಳೆದಂಡೆ ಕಣ್ಣ ಮುಂದೆ ಬಂತು. ಹಣೆಗೆ ಹಚ್ಚಿಕೊಳ್ಳಲು ಎತ್ತಿದ ಬೆರಳು ಹಾಗೇ ನಿಂತಿತು...

ನಮ್ಮ ಪಕ್ಕದ ಮನೆಯವನು ಹೊಳೆ ದಾಟಿಸುವ ಅಂಬಿಗ. ನಮಗೆಲ್ಲ ಹರಿಗೋಲು ಕಾಕಾ. "ಈಜು ಬರದವರು ಬಾಯಿ ಮುಚ್ಕೊಂಡು ಕುಂದರ್ರಿ" ಎಂದು ಸಾಹುಕಾರರನ್ನೂ ಗದರುವ ಗಂಟಲು ಅವನದು. ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಅವನ ಹರಿಗೋಲು ಮಗುಚಿತು. ಎಲ್ಲರೂ ದಡ ಸೇರಿದರು, ಅವನ ಎಂಟು ವರ್ಷದ ಮಗಳೊಬ್ಬಳನ್ನು ಬಿಟ್ಟು.

ಆಮೇಲೆ ಹೊಳೆಯ ಸದ್ದು ಏರಿದರೆ ಸಾಕು, ಕಾಕಾ ನಡುಗುತ್ತಿದ್ದ. ಹಲ್ಲು ಕಟಕಟ, ಮೈತುಂಬ ಬೆವರು, ಕಣ್ಣು ಎಲ್ಲೋ. ಮಗಳನ್ನು ಒಯ್ದ ಹೊಳೆದೇವಿ ಗಂಗವ್ವ ಅವನ ಮೈಮೇಲೆ ಬರುತ್ತಿದ್ದಾಳೆ ಎಂದು ಊರು ತೀರ್ಮಾನಿಸಿತು. ಯಾರೂ ಗೇಲಿ ಮಾಡಲಿಲ್ಲ, ಪೂಜೆ ಮಾಡಿದೆವು. ಗೇಲಿ ಮಾಡಿದ್ದರೇ ವಾಸಿಯಿತ್ತೇನೋ. ಮರುವರ್ಷ ಹೊಸ ನೀರು ಬಂದಾಗ ಅವನ ಹಣೆಗೆ ಭಂಡಾರ ಬಳಿದು, ಹಲಗೆ ಬಡಿಯುತ್ತ, ಮಗಳು ಮುಳುಗಿದ ಅದೇ ದಂಡೆಗೆ ಕರೆದೊಯ್ದು ಕಂಬಳಿಯ ಮೇಲೆ ಕೂರಿಸಿದರು. ಅವನು ನಡುಗಿದಷ್ಟೂ ಜನ ಅಡ್ಡಬಿದ್ದರು.

"ದವಾಖಾನಿಗೆ ಒಯ್ಯೋಣ್ರಿ, ವರ್ಷಾತು ಕಣ್ಣಿಗೆ ನಿದ್ದಿ ಇಲ್ಲ" ಎಂದು ಅವನ ಹೆಂಡತಿ ಗೋಗರೆದಳು. ದೇವರಿಗೆ ಸೂಜಿ ಚುಚ್ಚಿಸುತ್ತೀಯಾ ಎಂದು ಹಿರಿಯರು ಅವಳ ಬಾಯಿ ಮುಚ್ಚಿಸಿದರು.

ನಾನಾಗ ಎಸ್ಸೆಸ್ಸೆಲ್ಸಿ ಹುಡುಗಿ. ಕಾಯಿ ತಟ್ಟೆ ಹಿಡಿದು ಅವನ ಮುಂದೆ ಕೂತು, ಪಾಸಾಗುತ್ತೇನಾ ಎಂದು ಕೇಳಿದೆ. ಕಾಕಾ ಬಾಗಿ ನನಗಷ್ಟೇ ಕೇಳುವಂತೆ ಹೇಳಿದ: "ದೇವರಲ್ಲವ್ವಾ ಇದು, ಅಂಜಿಕಿ. ನನ್ನ ಮನಿಗೆ ಕರ್ಕೊಂಡು ಹೋಗು."

"ಏನು ಅಪ್ಪಣಿ ಆತವ್ವಾ?" ಎಂದರು ಸುತ್ತಲಿನವರು. ಅಷ್ಟೂ ಕಣ್ಣು ನನ್ನ ಮೇಲೆ.

"ಪಾಸಾಗ್ತೀನಂತ" ಎಂದೆ. ಹಲಗೆ ಇನ್ನಷ್ಟು ಜೋರಾಯಿತು.

ಅದರ ಮರುವರ್ಷ ದಂಡೆಯ ಮೇಲೆ ಕಾಕಾ ನಡುಗಲೇ ಇಲ್ಲ. ಕಲ್ಲಿನಂತೆ ಕೂತಿದ್ದ. ಗಂಗವ್ವ ಬಿಟ್ಟಳು ಎಂದು ಜನ ಕಂಬಳಿ ಮಡಿಚಿಕೊಂಡು ನಡೆದರು. ಮಾತು ಹೋಯಿತು, ಆಮೇಲೆ ಊಟ ಹೋಯಿತು... ದೀಪಾವಳಿಗೆ ಅವನಿರಲಿಲ್ಲ.

ನಾನು ಪಾಸಾದೆ, ನರ್ಸೂ ಆದೆ. ತರಬೇತಿಯಲ್ಲಿ ಒಮ್ಮೆ ಡಾಕ್ಟರರು ಪಾಠ ಮಾಡಿದರು: ದೊಡ್ಡ ಆಘಾತವಾದಾಗ ಮಿದುಳು ಅಪಾಯದ ಗಂಟೆ ಬಾರಿಸುತ್ತದೆ, ಕೆಲವರಲ್ಲಿ ಅಪಾಯ ಮುಗಿದರೂ ಗಂಟೆ ನಿಲ್ಲುವುದಿಲ್ಲ, ಇಂಥವರನ್ನು ಬಲವಂತದಿಂದ ಅದೇ ಜಾಗಕ್ಕೆ ಎಳೆದೊಯ್ಯಬಾರದು. ನಾನು ಹಾಳೆಯ ಅಂಚಿನಲ್ಲಿ 'ಅಂಜಿಕಿ' ಎಂದು ಬರೆದುಕೊಂಡೆ.

ಪೊಟ್ಟಣ ಮಡಿಚಿ ಗೂಡಿನಲ್ಲಿಟ್ಟೆ. ದಂಡೆಯಿಂದ ಅವನ ಮನೆ ಒಂದು ಕೂಗಳತೆ. ತಟ್ಟೆ ಕೆಳಗಿಟ್ಟು ಕೈ ಹಿಡಿದಿದ್ದರೆ ಸಾಕಿತ್ತು.