ಆಪಾ ಒಪ್ಪದ ಕತೆ

ಉಮ್ಮೆ ಕುಲ್ಸುಂ ನನ್ನ ಅಭಿಮಾನಿ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ನಂಬುವುದಕ್ಕೆ ಕಾರಣವಿತ್ತು. ರಾಜ್ಯೋತ್ಸವಕ್ಕೆ ಯಾವುದೋ ಸಂಘದವರು ನನಗೆ ಪೇಟ ತೊಡಿಸಿ, ಶಾಲು ಹೊದಿಸಿ, ‘ನಗೆಗಡಲ ನಾವಿಕ’ ಎಂದು ಬರೆದ ಸನ್ಮಾನಪತ್ರ ಕೊಟ್ಟಿದ್ದರು. ಅದಕ್ಕೆ ಫ್ರೇಮ್ ಹಾಕಿಸಲು ಶಿವಾಜಿನಗರದಲ್ಲಿ, ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯ ಅಂಗಡಿಯೊಂದಕ್ಕೆ ಹೋದೆ. ಒಳಗೆ ಅಂಗಡಿಯ ಮಾಲೀಕ ಅಫ್ತಾಬ್ ಗಾಜು ಕತ್ತರಿಸುತ್ತಿದ್ದ. ಗಲ್ಲಾಪೆಟ್ಟಿಗೆಯ ಹತ್ತಿರವಿದ್ದ ಅವನ ಹೆಂಡತಿ ಕುಲ್ಸುಂ ನನ್ನ ಪತ್ರವನ್ನು ಮುದ್ರಕರ ಹೆಸರಿನವರೆಗೂ ಬಿಡದೆ ಓದಿದರು. ನನ್ನ ಹೆಂಡತಿಯೇ ಅಷ್ಟು ಓದಿರಲಿಲ್ಲ.

“ಪೇಟ ತಲೆಗೆ ಸರಿಯಾಗಿ ಕೂತಿತ್ತಾ ಸಾರ್?”

“ಸ್ವಲ್ಪ ಬಿಗಿ.”

“ಆಮೇಲೆ ವಾಪಸ್ ಇಸ್ಕೊಂಡ್ರಾ?”

“ಇಸ್ಕೊಂಡ್ರು.”

“ಹಣ್ಣಿನ ಬುಟ್ಟೀಲಿ ಕೆಳಗಡೆ ಏನಿತ್ತು?”

“ಪೇಪರು.”

ಇಷ್ಟು ಕಾಳಜಿ ಅಭಿಮಾನಿಗಲ್ಲದೆ ಇನ್ಯಾರಿಗಿರುತ್ತದೆ? ಅವರು ಕೇಳದಿದ್ದರೂ ನನ್ನ ಪುಸ್ತಕವೊಂದಕ್ಕೆ ಸಹಿ ಹಾಕಿ ಕೊಟ್ಟುಬಂದೆ.

ಯುಗಾದಿ ವಿಶೇಷಾಂಕದಲ್ಲಿ ಒಂದು ಕತೆ ಬಂತು. ಬಿಗಿಯಾದ ಪೇಟ, ಬುಟ್ಟಿಯ ತಳದಲ್ಲಿ ಪೇಪರು, ಸನ್ಮಾನಪತ್ರ ಹಿಡಿದು ಬಂದ ಗಿರಾಕಿ. ಕೆಳಗೆ ಉಮ್ಮೆ ಕುಲ್ಸುಂ ಎಂಬ ಹೆಸರು. ಮುಖದ ಮೇಲೆ ಸಿಟ್ಟು, ಒಳಗೊಳಗೆ ಖುಷಿ ಇಟ್ಟುಕೊಂಡು ಅಂಗಡಿಗೆ ಹೋದೆ. “ನನ್ನ ಮೇಲೇ ಕತೆ ಬರೆದಿದ್ದೀರಲ್ಲ?”

“ನಿಮ್ಮ ಮೇಲಾ? ಇಲ್ಲ ಸಾರ್. ನವೆಂಬರ್ ಬಂದ್ರೆ ದಿನಾ ಒಬ್ರು ಬರ್ತಾರೆ. ಎಲ್ಲಾರ ಬುಟ್ಟೀಲೂ ಪೇಪರೇ.”

ಕತೆಯಲ್ಲಿ ಬಂದದ್ದಕ್ಕಿಂತ ಬಾರದೇ ಹೋದದ್ದು ಹೆಚ್ಚು ನೋಯಿಸಿತು. ಕತೆ ಮಾತ್ರ ಚೆನ್ನಾಗಿತ್ತು. ಅಲ್ಲಿಂದ ನಾನೇ ಅವರ ಅಭಿಮಾನಿಯಾದೆ.

ಕುಲ್ಸುಂ ಹುಟ್ಟಿದ್ದು ಕೆ.ಆರ್. ಪುರದಲ್ಲಿ, ಓದಿದ್ದು ಅಲ್ಲಿನ ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಬಂದ ಮನೆಯಲ್ಲಿ ಎಲ್ಲರದೂ ದಖ್ಖನಿ ಉರ್ದು. ಕನ್ನಡ ಸಿಕ್ಕಿದ್ದು ಅಂಗಡಿಯ ರದ್ದಿಯಲ್ಲಿ. ಫೋಟೋಗಳ ಹಿಂಬದಿಗೆ ಅಂಟಿಸಲು ಅಫ್ತಾಬ್ ಹಳೆಯ ವಾರಪತ್ರಿಕೆಗಳನ್ನು ತೂಕಕ್ಕೆ ತರುತ್ತಿದ್ದ. ಕುಲ್ಸುಂ ಓದಿ ಮುಗಿಸುವ ಮೊದಲೇ ಹಾಳೆ ಗೋಂದಿಗೆ ಹೋಗುತ್ತಿತ್ತು. ಎಷ್ಟೋ ಧಾರಾವಾಹಿಗಳ ಕೊನೆಯ ಕಂತು ಯಾರದೋ ತಾತನ ಬೆನ್ನಿಗೆ ಅಂಟಿಕೊಂಡು ಹಲಸೂರಿನಲ್ಲೋ ಬಾಣಸವಾಡಿಯಲ್ಲೋ ಗೋಡೆಯ ಮೇಲಿದೆ. ಮುಂದೇನಾಯಿತೆಂದು ತಾವೇ ಕಟ್ಟಿಕೊಳ್ಳುತ್ತಾ ಇವರು ಕತೆಗಾರ್ತಿಯಾದರು.

ಚಿತ್ರಕಲೆಯ ಹುಡುಗರು ಕ್ಯಾನ್ವಾಸ್ ತಂದುಕೊಟ್ಟರೆ ಕುಲ್ಸುಂ ಅದನ್ನು ಎದುರಿನ ಗೋಡೆಗೆ ಒರಗಿಸಿ ನೋಡುತ್ತಾ ಕೂರುವರು. “ಇಲ್ನೋಡಿ ಸಾರ್, ಅಂಚಲ್ಲಿ ಒಬ್ಳು ನಿಂತವ್ಳೆ. ಫ್ರೇಮ್ ಹಾಕಿದ್ರೆ ಮುಚ್ಚೋಗ್ತಾಳೆ. ಅವ್ಳ ಕತೆ ಬರೀಬೇಕು.”

ಹಾಗೆ ಅಂಚಿನಲ್ಲಿ ನಿಂತವರೊಬ್ಬರು ಅವರ ಮನೆಯಲ್ಲೇ ಇದ್ದರು. ಅಫ್ತಾಬನ ಅಕ್ಕ ಶರ್ಫುನ್ನೀಸಾ. ಎಲ್ಲರಿಗೂ ಆಪಾ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಕುಲ್ಸುಂಗೆ ಅಡುಗೆಯಿಂದ ಹಿಡಿದು ಅಂಗಡಿಯ ವ್ಯವಹಾರದವರೆಗೆ ಕಲಿಸಿದವರು. ಒಮ್ಮೆ ಅವರಿಗೆ ಬಾಣಸವಾಡಿಯಿಂದ ಸಂಬಂಧವೊಂದು ಬಂದು ಮುರಿದುಬಿದ್ದಿತ್ತು. ಕುಲ್ಸುಂ ಅದನ್ನೇ ಕತೆ ಮಾಡಿದರು. ಕತೆಯಲ್ಲಿ ಆ ಹೆಣ್ಣನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಆಕೆ ಕಿಟಕಿಯ ಬಳಿ ನಿಂತು, ಗೇಟು ದಾಟಿ ಹೋಗುವವನ ಬೆನ್ನನ್ನು ನೋಡುತ್ತಾಳೆ. ನಾನು ಓದಿ ಕಣ್ಣೊರೆಸಿಕೊಂಡೆ. ಪ್ರಕಾಶಕ ಸಿದ್ಧಲಿಂಗೇಶ, ಗದಗದವರು, ಆ ಕತೆಯ ಹೆಸರನ್ನೇ ಇಟ್ಟು ಕುಲ್ಸುಂ ಅವರ ಮೊದಲ ಪುಸ್ತಕ ತರಲು ಒಪ್ಪಿದರು.

ಕುಲ್ಸುಂ ಮಾತ್ರ ಅಳುಕಿದರು. ಮನೆಯವರ ಮೇಲೆ ಬರೆದದ್ದನ್ನು ಅವರಿಗೆ ಓದಿ ಹೇಳದೆ ಅಚ್ಚಿಗೆ ಕೊಡುವವರಲ್ಲ. ಆಪಾಗೆ ಬೇಸರವಾದರೆ ಬೈಗುಳವಿಲ್ಲ, ಮಾತೇ ನಿಲ್ಲುತ್ತದೆ. ಒಮ್ಮೆ ಇಡೀ ರಂಜಾನ್ ತಿಂಗಳು ಅಫ್ತಾಬನಿಗೆ ಮಾತಿಲ್ಲದೆ ಊಟ ಬಡಿಸಿದ್ದರಂತೆ. “ನೀವೂ ಬನ್ನಿ ಸಾರ್. ಮನೆಗೆ ಮೆಹಮಾನ್ ಅಂತ ಯಾರಾದ್ರೂ ಬಂದಿದ್ರೆ ಆಪಾ ಸ್ವಲ್ಪ ತಡ್ಕೋತಾರೆ.”

ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಆಪಾ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂತರು. ಕುಲ್ಸುಂ ಒಂದೊಂದು ಸಾಲು ಕನ್ನಡದಲ್ಲಿ ಓದಿ ದಖ್ಖನಿಯಲ್ಲಿ ಹೇಳಿದರು. ಮುಗಿದಾಗ ಸೊಪ್ಪೂ ಮುಗಿದಿತ್ತು.

ನನಗೂ ತಿಳಿಯಲೆಂದೋ ಏನೋ, ಆಪಾ ಕನ್ನಡದಲ್ಲೇ ಕೇಳಿದರು. “ಯಾರೂ ಕೇಳ್ಲಿಲ್ಲ ಅಂತ ನಿಂಗ್ಯಾರು ಹೇಳಿದ್ದು? ಅಫ್ತಾಬ್ ಕೇಳ್ದ. ನಾನೇ ನಕ್ಕೋ ಅಂದೆ, ಬೇಡ ಅಂದೆ.”

“ಕೈಕು ಆಪಾ? ಯಾಕೆ?”

“ಬಂದೋನು ಎರಡು ಟೀ ಮುಗಿಸೋ ತನ್ಕ ಬರೀ ತನ್ನ ವಿಷ್ಯನೇ ಮಾತಾಡ್ದ. ಸಾಯೋ ತನ್ಕ ಅದನ್ನ ಕೇಳ್ಕೊಂಡು ಕೂರಕ್ಕಾಗುತ್ತಾ?”

ನಾನು ನನ್ನ ಎರಡನೇ ಟೀಯನ್ನು ಮೆಲ್ಲಗೆ ಕೆಳಗಿಟ್ಟೆ.

“ಹಾಗಾದ್ರೆ ನಿಮಗೆ ಬೇಜಾರೇ ಆಗ್ಲಿಲ್ವಾ ಆಪಾ?” ಎಂದರು ಕುಲ್ಸುಂ.

“ಆವಾಗ ಆಗ್ಲಿಲ್ಲ. ಈವಾಗ ಆಯ್ತು. ಇಷ್ಟು ವರ್ಷ ಜೊತೇಲಿ ಉಂಡು, ನನ್ನ ಪಾಪ ಅನ್ಕೊಂಡೇ ನೋಡ್ತಿದ್ಯಲ್ಲ ನೀನು.”

ಅಷ್ಟೇ. ಸೊಪ್ಪು ತೆಗೆದುಕೊಂಡು ಒಳಗೆ ಹೋದರು. ಆ ರಾತ್ರಿಯಿಂದ ಕುಲ್ಸುಂ ತಟ್ಟೆಗೆ ಊಟ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ಕುಲ್ಸುಂ ಕತೆಯನ್ನು ವಾಪಸ್ ಕೇಳಿದರು. ಸಿದ್ಧಲಿಂಗೇಶ ತಲೆ ಮೇಲೆ ಕೈ ಇಟ್ಟುಕೊಂಡರು. “ಕತಿ ಇದ್ದಂಗ ಚಲೋ ಐತ್ರೀ ಮೇಡಂ. ಓದಿದವ್ರು ಅಳ್ತಾರ. ನಿಮ್ಮ ಆಪಾಗ ಕನ್ನಡ ಓದಾಕ ಬರೂದಿಲ್ಲ, ಗೊತ್ತರ ಹೆಂಗಾಗ್ತದ?”

ನಾನೂ ಅವರ ಪರ ವಹಿಸಿ, ಕಲಾವಿದರು ನಿರ್ದಯರಾಗಿರಬೇಕು ಎಂದು ಫೋನಿನಲ್ಲಿ ಉಪನ್ಯಾಸ ಕೊಟ್ಟೆ. ನನ್ನ ಮನೆಯಲ್ಲಿ ಚಟ್ನಿಗೆ ಉಪ್ಪು ಹೆಚ್ಚಾಗಿದೆ ಎನ್ನಲೂ ಹೆದರುವವನು ನಾನು. ಕುಲ್ಸುಂ ಎಲ್ಲ ಕೇಳಿಸಿಕೊಂಡು, “ಗಿರಾಕಿ ಬಂದ್ರು ಸಾರ್” ಎಂದು ಫೋನಿಟ್ಟರು. ಪುಸ್ತಕ ನಿಂತಿತು. ಅವರು ಕತೆಯನ್ನು ಮೊದಲಿನಿಂದ ಮತ್ತೆ ಬರೆದರು. ಈ ಸಲ ಹೆಣ್ಣು ಕಿಟಕಿಯ ಬಳಿ ಹೋಗುವುದೇ ಇಲ್ಲ. ಎದುರಿಗೇ ಕೂತು, ಆ ಮನುಷ್ಯ ಎರಡು ಟೀ ಮುಗಿಸುವವರೆಗೆ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಖಾಲಿ ಲೋಟ ಎತ್ತಿಕೊಂಡು ಎದ್ದುಹೋಗುತ್ತಾಳೆ.

ಇನ್ನೂ ಮಾತು ಬಿಟ್ಟಿದ್ದ ಆಪಾ ಮುಂದೆ ಕೂತು ಅದನ್ನೂ ಓದಿದರು. ಆಪಾ ಒಂದು ಕಡೆ ನಕ್ಕರಂತೆ. ಆಮೇಲೆ ಬಾಯಿಬಿಟ್ಟು, “ಎರಡು ಟೀ ಅಲ್ಲ, ಮೂರು ಮಾಡು. ನೆನಪಾಯ್ತು” ಅಂದರಂತೆ. ಇದನ್ನು ಹೇಳಲು ಕುಲ್ಸುಂ ನನಗೆ ಫೋನ್ ಮಾಡಿದಾಗ ಅವರ ದನಿ ಒದ್ದೆಯಾಗಿತ್ತು.

ಇಂದಿರಾನಗರದ ಚಿಕ್ಕ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆಯಾಯಿತು. ಮೊದಲ ಸಾಲಿನಲ್ಲಿ ಆಪಾ ಕೂತು, ಪಕ್ಕದವರಿಗೆ ಎಷ್ಟನೇ ಪುಟ ತೆಗೆಯಬೇಕೆಂದು ಹೇಳುತ್ತಿದ್ದರು. ಅಧ್ಯಕ್ಷತೆ ನನ್ನದು. ಹಳೆಯ ಕತೆಯೇ ಮೇಲು ಎಂಬ ಹಟ ನನ್ನಲ್ಲಿನ್ನೂ ಉಳಿದಿತ್ತು. ಮೈಕು ಹತ್ತಿರಕ್ಕೆಳೆದುಕೊಂಡು, ಗಂಟಲು ಸರಿಮಾಡಿಕೊಂಡು ಕೇಳಿದೆ: “ಲೇಖಕಿಯಾಗಿ ಹೇಳಿ, ಕುಲ್ಸುಂ ಅವರೇ. ಸತ್ಯ ದೊಡ್ಡದೋ, ಕಲೆ ದೊಡ್ಡದೋ?”

“ಆಪಾ ದೊಡ್ಡೋರು ಸಾರ್,” ಎಂದರು ಕುಲ್ಸುಂ. “ಬೆಳಿಗ್ಗೆ ಎದ್ರೆ ನಾನು ಮುಖ ನೋಡ್ಬೇಕಾಗಿರೋದು ಅವ್ರದು.”