ಅನ್ನಮ್ಮ ನುಂಗಿದ ಗುಳಿಗಿ

ಶಹಾಪುರದ ಹತ್ತಿ ಅಡತಿಯಲ್ಲಿ ತೂಕ ಮಾಡುವ ಮಲ್ಲಣ್ಣನ ಸಿಟ್ಟು ಇಡೀ ಬಜಾರಿಗೆ ಗೊತ್ತು. ಆದರೆ ಅದನ್ನು ಮೂವತ್ತು ವರ್ಷ ಉಂಡವಳು ಹೆಂಡತಿ ಅನ್ನಮ್ಮ. ಅವಳಿಗೆ ಮೂರ್ಛೆರೋಗ. ದಿನಾ ಒಂದು ಗುಳಿಗಿ ನುಂಗಿಕೊಂಡು ಹನ್ನೆರಡು ವರ್ಷ ಒಮ್ಮೆಯೂ ಬಿದ್ದಿರಲಿಲ್ಲ. ಹೋದ ದೀಪಾವಳಿ ಮುಂದೆ ಒಂದೇ ವಾರದಲ್ಲಿ ಮೂರು ಸಲ ಬಿದ್ದಳು.

"ಗುಳಿಗಿ ಬಿಟ್ಟೀದಿ ನೀ," ಅಂತ ಮಲ್ಲಣ್ಣ ಹರಿಹಾಯ್ದ.

"ಬಿಟ್ಟಿಲ್ರಿ. ನಿಮ್ಮಾಣಿ, ತಗೊಂಡೀನಿ."

"ಸುಳ್ಳ ಹೇಳಬ್ಯಾಡ."

ಮರುದಿನ ಹಿತ್ತಲಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ. ಸಮಾಧಿಯಲ್ಲಿ ಕೂಡಿಸುವಾಗ ಮಲ್ಲಣ್ಣ ವಿಭೂತಿಯ ಜೊತೆ ಉಳಿದ ಗುಳಿಗಿಯ ಪಾಕೀಟನ್ನೂ ಅವಳ ಉಡಿಯಲ್ಲಿಟ್ಟ. ಅಲ್ಲಾದರೂ ತಪ್ಪಿಸದಿರಲಿ ಅಂತ.

ತಿಂಗಳ ಮೇಲೆ ಯಾದಗಿರಿಯಿಂದ ಔಷಧ ತಪಾಸಣೆಯ ಅಧಿಕಾರಿ ಚಂದ್ರಕಲಾ ಬಂದರು, ಅವನು ಗುಳಿಗಿ ತರುತ್ತಿದ್ದ ಅಂಗಡಿಗೇ. ಅಲ್ಲಿಂದ ಒಯ್ದ ಗುಳಿಗಿ ತಿಂದರೂ ದೋರನಹಳ್ಳಿಯ ಮೂವರಿಗೆ ಮೂರ್ಛೆ ಮರಳಿದೆ ಅಂತ ಡಾಕ್ಟರು ಬರೆದು ಕಳಿಸಿದ್ದರಂತೆ. ಸುದ್ದಿ ಕೇಳಿದ್ದೇ ಮಲ್ಲಣ್ಣ ತಕ್ಕಡಿ ಬಿಟ್ಟು ಓಡಿದ.

"ಮೇಡಮ್ಮರ, ನಮ್ಮಾಕಿನೂ ಇದ ಗುಳಿಗಿ ತಗೊಂತಿದ್ಳು. ಹೋಗಿಬಿಟ್ಳು."

"ಪಾಕೀಟ ಅದ ಏನ್ರಿ? ಅದರ ಮ್ಯಾಲಿನ ಬ್ಯಾಚ್ ನಂಬರ್ ಬೇಕಾಗ್ತದ."

"ಆಕಿ ಸಂಗಾಟ ಮಣ್ಣಾಗ ಅದರಿ."

ಅಂಗಡಿ ಮಾಲೀಕ ಶಿವರಾಜ ನಡುವೆ ಬಾಯಿ ಹಾಕಿದ. "ಹಂಗಾರ ಅಗದು ತರ್ತೀಯೇನಪ್ಪ?"

ಮಲ್ಲಣ್ಣ ಅವನ ಕಾಲರಿಗೆ ಕೈ ಹಾಕಿದ. "ಆಕೀನ್ನ ಎಬ್ಬಸಾಕ ಬರ್ತಿದ್ರ ಗುಳಿಗಿ ಸಲುವಾಗಿ ಎಬ್ಬಸ್ತಿದ್ದೆ ಏನಲೇ?"

ಚಂದ್ರಕಲಾ ಬಿಡಿಸಿದರು. "ಅಗಿಯೋದೇನೂ ಬ್ಯಾಡ, ಕುಂದರ್ರಿ." ಅಂಗಡಿಯ ಖರೀದಿ ಪುಸ್ತಕ ತೆಗೆಸಿ ನೋಡಿದರು. ದೀಪಾವಳಿ ಹಿಂದುಮುಂದೆ ಬಂದದ್ದೆಲ್ಲ ಒಂದೇ ನಂಬರಿನ ಮಾಲು. ಅದರದೇ ನಾಲ್ಕು ಡಬ್ಬಿ ಕಪಾಟಿನಲ್ಲಿ ಇನ್ನೂ ಇದ್ದವು. ಅವನ್ನು ಲ್ಯಾಬಿನ ಪರೀಕ್ಷೆಗೆಂದು ಪಾಲು ಮಾಡಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ಸಾಕ್ಷಿಗೆ ಸಹಿ ಕೇಳಿದರು. ಮೂರನೇ ಇಯತ್ತೆಯ ತನಕ ಓದಿದ ಮಲ್ಲಣ್ಣ ಒಂದೊಂದೇ ಅಕ್ಷರ ಕೂಡಿಸಿ ಬರೆದ.

"ನನಗ ಬ್ಯಾರೆ ಏನೂ ಬ್ಯಾಡ್ರಿ. ಆಕಿ ಖರೇ ಹೇಳಿದ್ಳೋ ಇಲ್ಲೋ, ಅಷ್ಟ ತಿಳೀಬೇಕು."

"ಅದನ್ನ ಯಾವ ಲ್ಯಾಬೂ ಹೇಳಂಗಿಲ್ರಿ. ಗುಳಿಗ್ಯಾಗ ಔಷಧ ಇತ್ತೋ ಇಲ್ಲೋ, ಅಷ್ಟ ಹೇಳ್ತದ."

ಎರಡು ತಿಂಗಳು ಮಲ್ಲಣ್ಣ ಫೋನು ಅಂಗೈಯಲ್ಲಿಟ್ಟುಕೊಂಡೇ ತಿರುಗಿದ. ಬಜಾರಿನಲ್ಲಿ ಯಾರ ಮೇಲೂ ರೇಗಲಿಲ್ಲ. ಹಮಾಲರು ಬೇಕಂತಲೇ ಕೆಣಕಿದರೂ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. ಒಂದು ಮಧ್ಯಾಹ್ನ ಉಣ್ಣಲು ಕೂತಾಗ ಚಂದ್ರಕಲಾ ಅವರ ಫೋನು ಬಂತು.

"ಇರಬೇಕಾದ ಔಷಧದಾಗ ಕಾಲು ಭಾಗನೂ ಇಲ್ರಿ. ಆ ಮಾಲು ಎಲ್ಲಾ ಕಡೆ ವಾಪಸ್ ತರಸಾಕತ್ತೀವಿ. ಕಂಪನಿ ಮ್ಯಾಲ ಕೇಸ್ ಹಾಕ್ತೀವಿ."

"ಹೌದ್ರಿ," ಎಂದು ಮಲ್ಲಣ್ಣ ಫೋನಿಟ್ಟ. ಅಡಿಗೆಮನೆಯ ಕಡೆ ತಿರುಗಿ, "ಏ, ಕೇಳಿದ್ಯೇನ..." ಅಂದೇಬಿಟ್ಟ.

ತಟ್ಟೆ ಸರಿಸಿ ಎದ್ದ. ಒಳಗೆ ಹೋಗಿ, ಅವಳು ರೊಟ್ಟಿ ಬಡಿಯುತ್ತಿದ್ದ ಜಾಗದ ಎದುರಿಗೆ ಕೂತ. ಹೊತ್ತು ಮುಳುಗುವ ತನಕ ಅದೇ ಮಾತು, ಮೆಲ್ಲಗೆ:

"ತಗೊಂಡಿದ್ದಿ ಬಿಡು. ತಗೊಂಡಿದ್ದಿ."